ನಿದ್ದೆರೋಗದ ಪಥ್ಯ

ಮುಸೆಂಗೆ, ಭಾನುವಾರ

ಪ್ರೀತಿಯ ಯಾಯಾ ಸಿದೋನಿ,

ರಾತ್ರಿ ಮೂರು ಗಂಟೆಗೆ ಒನಕೆಯ ಸದ್ದಿಗೆ ಎಚ್ಚರವಾಯಿತು. ಗಿಜಾಂಗಾ ಅಂಗಳದಲ್ಲಿ ಖಾಲಿ ಒರಳನ್ನು ಕುಟ್ಟುತ್ತಿದ್ದ. ನಿನ್ನೆ ಮಧ್ಯಾಹ್ನ ಲುಕು ಮುದ್ದೆಯ ತುತ್ತು ಕೈಯಲ್ಲಿದ್ದಂತೆಯೇ ನಿದ್ದೆಹೋಗಿದ್ದ. ಹೋದ ವರ್ಷ ನಿದ್ದೆರೋಗ ಶುರುವಾದಾಗಲೂ ನನ್ನ ಗಂಡ ಹೀಗೇ ಇದ್ದ. ಹೊಸ ಗುಳಿಗೆ ಒಂದೇ ಸಲ ನುಂಗಿದ ಮೇಲೆ ವಾಸಿಯಾಯಿತು ಅಂದುಕೊಂಡಿದ್ದೆ.

ತಪಾಸಣೆಯ ತಂಡ ಊರಿನಲ್ಲೇ ಇದೆ. ನಾಳೆ ಬೆಳಿಗ್ಗೆ ಅವರ ಜೀಪು ಹೊರಡುತ್ತದೆ. ಬೆನ್ನುಮೂಳೆಯ ನೀರು ತೆಗೆದು ನೋಡಿದರೆ ರೋಗ ಮರಳಿದೆಯೋ ಇಲ್ಲವೋ ತಿಳಿಯುತ್ತದೆ. ಮರಳಿದ್ದರೆ ಬೇರೆ ಔಷಧಿ ಇದೆ. ತಡವಾದರೆ ಅವನು ಉಳಿಯುವುದಿಲ್ಲ.

ಅತ್ತೆ ಬಿಡುತ್ತಿಲ್ಲ. ಅವರ ತಮ್ಮ ಹಿಂದೆ ಇದೇ ರೋಗಕ್ಕೆ ಕೊಡುತ್ತಿದ್ದ ಪಾಷಾಣದ ಸೂಜಿಯಿಂದ ಸತ್ತವನು. ಆ ಸೂಜಿಯ ಕಾಲದ ಪಥ್ಯವನ್ನೇ ಇವನಿಗೂ ಹಾಕಿದ್ದರು: ಆರು ತಿಂಗಳು ಬಿಸಿಲಿಲ್ಲ, ಬಿಸಿ ಊಟವಿಲ್ಲ, ಹೆಂಡತಿಯ ಮಗ್ಗುಲಿಲ್ಲ. ನಾನು ಅವತ್ತೇ ಬಿಡಿಸಿ ಹೇಳಿದ್ದೆ. ರೋಗಾಣು ತನ್ನ ಆರ್‌ಎನ್‌ಎಯನ್ನು ಕತ್ತರಿಸಿ ಹದಮಾಡಿಕೊಳ್ಳಲು ಒಂದು ಕಿಣ್ವ ಇಟ್ಟುಕೊಂಡಿರುತ್ತದೆ, ಗುಳಿಗೆ ಆ ಕತ್ತರಿಯ ಬಾಯಿಗೇ ಸಿಕ್ಕಿಕೊಳ್ಳುತ್ತದೆ, ಇದರಲ್ಲಿ ಪಾಷಾಣ ಇಲ್ಲ, ಪಥ್ಯವೂ ಬೇಡ ಎಂದು. "ಹಲ್ಲುನೋವಿಗೇ ವಾರಗಟ್ಲೆ ಗುಳಿಗೆ ಕೊಡ್ತಾರೆ, ಇಷ್ಟು ದೊಡ್ಡ ಕಾಯ್ಲೆ ಒಂದೇ ಸಲಕ್ಕೆ ಹೋಗುತ್ತಂತೆ," ಎಂದರು. "ಕಾಲೇಜಲ್ಲಿ ನಿಂಗೆ ದರ್ಜಿ ಕೆಲಸ ಕಲಿಸಿದ್ರೇನೆ, ಕತ್ತರಿ ಕತ್ತರಿ ಅಂತೀಯ?"

ನಿನ್ನೆ ತಂಡದವರು ಬಾಗಿಲಿಗೆ ಬಂದಾಗ ಅತ್ತೆ ಅಡ್ಡ ನಿಂತರು. "ಮಲಗಿರೋನನ್ನ ಎಬ್ಬಿಸಿ ಬೆನ್ನಿಗೆ ಚುಚ್ತೀಯೇನಪ್ಪ? ಇದು ಪಥ್ಯ ಮುರಿದದ್ದಕ್ಕೆ ಬಂದಿದ್ದು. ಮುರಿಸಿದೋರು ಯಾರು ಅಂತ ಮೊದ್ಲು ಗೊತ್ತಾಗ್ಲಿ." ಹೇಳುತ್ತಲೇ ನನ್ನನ್ನು ನೋಡಿದರು. ಮಗುವಿಗೆ ಹಾಲೂಡಿಸುತ್ತಿದ್ದ ನಾನು, ಒಂದೆರಡು ಸಲ ಬಿಸಿ ಸಾರು ಬಡಿಸಿದ್ದೆ ಎಂದು ಒಪ್ಪಿಕೊಂಡೆ.

ಮನೆಯ ಒಂದೇ ಫೋನು ಅತ್ತೆಯ ಸೊಂಟದ ಗಂಟಿನಲ್ಲಿರುತ್ತದೆ. ಅದಕ್ಕೇ ಈ ಪತ್ರ. ಮರಗೆಣಸಿನ ಮೂಟೆ ಹೇರಿಕೊಂಡು ಈಗ ಹೊರಡುವ ಬೈಕಿನವನು ಸಂಜೆಯೊಳಗೆ ಕಿಕ್ವಿಟ್‌ನಲ್ಲಿ ನಿನಗೆ ಮುಟ್ಟಿಸುತ್ತಾನೆ. ನೀನು ನರ್ಸ್, ನೀನು ಹೇಳಿದರೆ ಅತ್ತೆ ಎದುರಾಡುವುದಿಲ್ಲ. ಫೋನ್ ಮಾಡಿ ಬೆನ್ನಿನ ಸೂಜಿಗೆ ಅವರನ್ನು ಒಪ್ಪಿಸು.

ನಿನ್ನ ತಂಗಿ,
ಪೆಲಾಜಿ

ತಾ.ಕ.: ನಾನು ಮತ್ತೆ ಬಸುರಿ, ಯಾಯಾ. ಪಥ್ಯದ ತಿಂಗಳುಗಳಲ್ಲೇ ಆದದ್ದು. ಗಿಜಾಂಗಾನಿಗೂ ಹೇಳಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ಗಂಡಹೆಂಡತಿ ಕೂಡಿದ್ದಕ್ಕೆ ಈ ರೋಗ ಮರಳುವುದಿಲ್ಲ ಎಂದು ನನಗೆ ಗೊತ್ತು, ಓದಿದ್ದೇನೆ. ಆದರೂ ನಿನ್ನ ಬಾಯಿಂದ ಕೇಳಬೇಕು. ಅತ್ತೆಯ ಹತ್ತಿರ ಮಾತು ಮುಗಿಸಿ, ಫೋನು ನನ್ನ ಕೈಗೆ ಕೊಡಿಸಿ, "ಇಲ್ಲ" ಅಂತ ಒಂದು ಮಾತು ಹೇಳು, ಸಾಕು, ನಾನು ಬರೀ "ಹೂಂ" ಅಂತೀನಿ. ಬೆಳಗಾದರೆ ಜೀಪು ಹೋಗಿಬಿಡುತ್ತದೆ. ಅದಕ್ಕೆ ಮೊದಲು ಫೋನ್ ಮಾಡು, ಯಾಯಾ, ನಿನ್ನ ಕಾಲಿಗೆ ಬೀಳುತ್ತೇನೆ.