ಗಾಲಿಯ ಮೇಲೊಂದು ಕೋಣೆ

ಸೊರಬ, ಬುಧವಾರ

ಅಪ್ಪಾಜಿಗೆ ನಿಮ್ಮ ಬಿಂದು ಮಾಡುವ ಶರಣು.

ನೀವು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸುರೇಂದ್ರನನ್ನು ಮದುವೆಯಾದಾಗ, "ಮಾಂಸ ಬೇಯೋ ಮನೇಲಿ ನಾನು ಲಿಂಗಪೂಜೆ ಮಾಡಲ್ಲ, ಅಲ್ಲಿಗೆ ಬರೋದೂ ಇಲ್ಲ" ಅಂದಿದ್ದಿರಿ. ಆ ಮಾತಿಗೆ ನನ್ನ ತಕರಾರಿಲ್ಲ. ಹಾಗಾಗಿ ನೀವು ಬಂದರೆ ಪೂಜೆಗೆ, ಮಲಗಲಿಕ್ಕೆ ಬೇರೆಯೇ ಜಾಗ ಇರಲಿ ಅಂತ ನಾವಿಬ್ಬರೂ ಅಂಗಳದಲ್ಲಿ ಗಾಲಿಯ ಮೇಲೆ ಒಂದು ಪುಟ್ಟ ಕೋಣೆ ಕಟ್ಟಿದ್ದೇವೆ. ಗೋಡೆ, ಚಾವಣಿ ಎಲ್ಲವೂ ಥರ್ಮೋಕೋಲಿನಂಥ ದಪ್ಪ ಫೋಮ್ ಶೀಟಿನವು; ಮೇಲೆ ಬಟ್ಟೆ ಅಂಟಿಸಿ ಬಣ್ಣ ಬಳಿದಿದ್ದೇವೆ. ನಮ್ಮ ಹಳೇ ಕಾರೇ ಎಳೆಯುವಷ್ಟು ಹಗುರ.

ಮೊದಲ ಸಲ ಚಂದ್ರಗುತ್ತಿಗೆ ಎಳೆದುಕೊಂಡು ಹೋದಾಗ ಬಾಗಿಲು ಕಳಚಿ ರಸ್ತೆಗೆ ಬಿತ್ತು. ನಮ್ಮತ್ತೆ ನಕ್ಕು, "ಬೀಗ್ರು ಮಲಗಿದ್ದಾಗ ಹಿಂಗಾದ್ರೆ ಏನ್ ಗತಿ, ಗಟ್ಟಿ ಮಾಡ್ರೋ" ಅಂದರು. ಈಗ ಗಟ್ಟಿಯಾಗಿದೆ. ಒಳಗೆ ಹಾಲು ಕಾಯಿಸಿದ್ದು ಬಿಟ್ಟರೆ ಬೇರೇನೂ ಬೇಯಿಸಿಲ್ಲ. ಅತ್ತೆಯೇ ಬಿಟ್ಟಿಲ್ಲ.

ಪೂಜೆಯ ಮಣೆ ಎಷ್ಟು ಎತ್ತರ ಇರಬೇಕೆಂದು ಅಮ್ಮನ ಫೋನಿನಲ್ಲಾದರೂ ತಿಳಿಸಿ. ಹಾಸಿಗೆಯ ಉದ್ದ ಅಂದಾಜಿನಲ್ಲಿ ಇಟ್ಟಿದ್ದೇನೆ, ನಿಮ್ಮ ಕಾಲು ಗೋಡೆಗೆ ತಗಲುತ್ತದೋ ಏನೋ. ಭಾನುವಾರ ಶಿಕಾರಿಪುರಕ್ಕೆ ತಂದು ನಿಮ್ಮ ಗೇಟಿನ ಮುಂದೆ ನಿಲ್ಲಿಸುತ್ತೇವೆ. ನೀವು ನಮ್ಮನ್ನು ಒಳಗೆ ಕರೆಯಬೇಕೆಂದಿಲ್ಲ. ನಾವೇ ನಿಮ್ಮನ್ನು ಕರೆಯುತ್ತೇವೆ. ಬಂದು ಒಂದು ಗಳಿಗೆ ಮಲಗಿ ನೋಡಿ.

ನಿಮ್ಮ ಮಗಳು,
ಬಿಂದುಶ್ರೀ