ದೊರೆಯ ಪದಕದ ಹಿಂಬದಿ

ಆಲ್ಟೆನ್‌ರೋಡ್,
೯ ನವೆಂಬರ್ ೧೮೩೭

ನನ್ನ ಮುದ್ದು ಮೊಮ್ಮಗಳು ಡೊರೆಟ್‌ಗೆ,

ನಿನ್ನ ಕೆಮ್ಮು ನಿಂತಿತೇ? ರೀಗಾದಲ್ಲಿ ಆಗಲೇ ಹಿಮ ಬಿದ್ದಿದೆಯಂತೆ, ಉಣ್ಣೆಯ ಕಾಲುಚೀಲ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಕಣ್ಣು ಬೆಳಗಿನ ಹೊತ್ತು ನನ್ನ ಮಾತು ಕೇಳುತ್ತದೆ, ಮಧ್ಯಾಹ್ನದ ಮೇಲೆ ಕೇಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಚಿತ್ರದ ಮುಖ ಬರೆಯುತ್ತೇನೆ, ಊಟವಾದ ಮೇಲೆ ಕೋಟಿನ ಗುಂಡಿ.

ನಮ್ಮ ದೊರೆ ತೀರಿಕೊಂಡದ್ದು ನಿನಗೆ ಗೊತ್ತು. ಅರಮನೆಯ ಪದ್ಧತಿಯೂ ಗೊತ್ತು: ರಾಣಿಗೂ ಮಕ್ಕಳಿಗೂ ಆನೆದಂತದ ಬಿಲ್ಲೆಯ ಮೇಲೆ ತೀರಿಕೊಂಡವರ ಮುಖ ಬರೆದು, ಪದಕದ ಹಿಂಬದಿಯಲ್ಲಿ ಗಾಜಿನ ಕೆಳಗೆ ಅವರದೇ ಕೂದಲನ್ನು ಗೋಧಿತೆನೆಯ ಹಾಗೆ ಬಾಗಿಸಿ ಅಂಟಿಸಿ ಕೊಡಬೇಕು. ಮುಖ ನನಗೆ ಕಷ್ಟವಲ್ಲ, ಆ ಮೂಗನ್ನು ಕಣ್ಣು ಮುಚ್ಚಿಯೂ ಬರೆದೇನು. ಕೂದಲು ಕೇಳಲು ಹೋದಾಗ ಅವರ ಖಾಸಾ ಸೇವಕ ಯೋಖಿಮ್ ನನ್ನನ್ನು ಮೂಲೆಗೆ ಕರೆದ. "ಕತ್ತರಿಸೋಕೆ ಅಲ್ಲಿ ಏನಿತ್ತಮ್ಮಾ? ಒಳ್ಳೇ ಸುಲಿದ ಮೊಟ್ಟೆ. ವಿಗ್ಗು ಅವರ ಜೊತೆಗೇ ಸಮಾಧಿಗೆ ಹೋಯ್ತು" ಎಂದ. ಇಷ್ಟು ವರ್ಷ ಆ ಕಂದು ಗುಂಗುರನ್ನು ಎಳೆ ಎಳೆಯಾಗಿ ಬರೆದವಳು ನಾನು, ನನಗೇ ತಿಳಿದಿರಲಿಲ್ಲ.

ಅರಮನೆಯ ಅಧಿಕಾರಿ ಟ್ರೆಸ್ಕೊಗೆ ಹೇಳಿದರೆ ದೊರೆಯ ಗುಟ್ಟು ಊರಿಗೆಲ್ಲ ಹರಡುತ್ತದೆ. ಅದೂ ಅಲ್ಲದೆ ಅವನು ಮೊದಲೇ "ಅಜ್ಜೀ, ನೀವಿನ್ನು ಬೆಕ್ಕು ಮಡಿಲಲ್ಲಿಟ್ಕೊಂಡು ಕೂತ್ಕೊಳ್ಳಿ, ಬರ್ಲಿನ್‌ನಿಂದ ಬೇರೆಯವರನ್ನ ಕರೆಸ್ತೀನಿ" ಎಂದು ಹಂಗಿಸುತ್ತಿರುತ್ತಾನೆ. ಕಡೆಗೆ ನಿನ್ನ ಜಡೆಯ ನೆನಪಾಯಿತು. ವಿಷಮಜ್ವರದಲ್ಲಿ ವೈದ್ಯರು ಕತ್ತರಿಸಿದ್ದನ್ನು ನಾನು ಪೆಟ್ಟಿಗೆಯಲ್ಲಿಟ್ಟಿದ್ದೆನಲ್ಲ, ಅದೇ. ಬಣ್ಣ ಸ್ವಲ್ಪವೂ ಬೇರೆಯಲ್ಲ. ಎಲ್ಲ ಪದಕಗಳಿಗೂ ಅದನ್ನೇ ಅಂಟಿಸಿ ಕೊಟ್ಟೆ.

ಕಳೆದ ವಾರ ರಾಣಿಯವರು ಹೇಳಿಕಳುಹಿಸಿದರು. ಮೇಜಿನ ಮೇಲೆ ಪದಕ ಮಗುಚಿ ಇಟ್ಟಿತ್ತು. ಕೆಲಸ ಹೋಯಿತೆಂದೇ ಅಂದುಕೊಂಡೆ.

"ಉಲ್ರಿಕೆ, ನನ್ನ ಗಂಡನ ತಲೆ ಹೇಗಿತ್ತು ಅಂತ ನನಗೆ ಗೊತ್ತಿಲ್ವಾ? ಯಾರದು ಇದು?"

ಇದ್ದದ್ದನ್ನು ಹೇಳಿದೆ. ಅವರು ಮೊದಲು ಕೇಳಿದ್ದು ನಿನ್ನ ವಿಷಯ. "ಆ ಹುಡುಗಿ ಉಳೀತಾ?" ಉಳಿದಳು, ಮದುವೆಯೂ ಆಯಿತು ಎಂದೆ. ಪದಕವನ್ನು ಕೈಗೆತ್ತಿಕೊಂಡು, "ಮಕ್ಕಳ ಪದಕ ಹಾಗೇ ಇರ್ಲಿ, ಅವರು ಕಂಡ ಅಪ್ಪ ಅದೇ. ನನಗೆ ಬೇರೆ ಬರ್ಕೊಡು. ಬಾಗಿಲು ಹಾಕಿ ವಿಗ್ಗು ಕಿತ್ತು ಕುರ್ಚಿ ಮೇಲೆ ಎಸೀತಿದ್ರಲ್ಲ, ಅವರನ್ನ" ಎಂದರು.

ನಾನು ಆ ತಲೆ ಕಂಡವಳಲ್ಲ. ದಿನಾ ಬೆಳಿಗ್ಗೆ ರಾಣಿಯವರು ಪಕ್ಕದಲ್ಲಿ ಕುಳಿತು ಹೇಳಿದರು, ನಾನು ಬರೆದೆ. "ಕಿವಿ ಮೇಲೆ ಒಂದು ತಗ್ಗು, ಕುದುರೆಯಿಂದ ಬಿದ್ದದ್ದು. ಇನ್ನೂ ಹೊಳೀಬೇಕು, ನೀನು ಮರ್ಯಾದೆ ನೋಡ್ತಿದ್ದೀಯ." ನಿನ್ನೆ ನೆತ್ತಿಯ ಮೇಲೆ ಬೆಳಕಿನ ಒಂದು ಚುಕ್ಕೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಹೂಂ, ಬಂದ್ರು" ಎಂದರು.

ನಿನ್ನ ಗಂಡನಿಗೆ ನನ್ನ ನಮಸ್ಕಾರ. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಜ್ಜಿ,
ಉಲ್ರಿಕೆ

ಮರೆತಿದ್ದೆ: ಕಾಗದದ ಮಡಿಕೆಯಲ್ಲಿ ನಿನ್ನ ಕೂದಲಿದೆ, ಜೋಪಾನ. ರಾಣಿಯವರು ತಮ್ಮ ಪದಕದಿಂದ ಬಿಡಿಸಿ, "ಬದುಕಿರೋಳ ಹತ್ರ ಇರ್ಲಿ" ಎಂದು ಕೊಟ್ಟರು. ಹೊಸ ಪದಕದ ಹಿಂಬದಿಯಲ್ಲಿ ಏನಿಡಲಿ ಎಂದು ಕೇಳಿದೆ. ಏನೂ ಬೇಡವಂತೆ. ಖಾಲಿ ಇದ್ದರೇ ಅದು ದೊರೆಯದು ಅನ್ನಿಸುತ್ತದಂತೆ.