ನನಗೆ ಹೇಳಿದ ಎರಡು ಕಾರಣ

ರಾಣೇಬೆನ್ನೂರು
೪ ಆಗಸ್ಟ್ ೨೦೦೪

ಪ್ರೀತಿಯ ಭಾಯಿ ಹಜರತಅಲಿಗೆ ನಿನ್ನ ಮಹಮೂದಾಳ ಸಲಾಂ.

ಬೆನ್ನುನೋವು ಹೇಗಿದೆ? ಗೋವಾದ ಮಳೆಯಲ್ಲಿ ಲಾರಿಯೊಳಗೇ ಮಲಗಬೇಡ. ಅಮ್ಮಿ ಆರಾಮಾಗಿದ್ದಾಳೆ; ನೀನು ಕಳಿಸಿದ ಕನ್ನಡಕ ಹಾಕಿಕೊಂಡು ಓಣಿಯವರನ್ನೆಲ್ಲ ದಿಟ್ಟಿಸುತ್ತಾಳೆ.

ನನ್ನ ಸುದ್ದಿಯೆಂದರೆ, ಕೆಲಸ ಹೋಯಿತು. ಬೀಜದ ಕಂಪನಿಯಲ್ಲಿ ಒಂಬತ್ತು ವರ್ಷ ಮೊಳಕೆ ನೋಡಿದವಳು ನಾನು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಬೀಜ ಮೊಳೆತು, ನಾನು ಸೈ ಎಂದ ಮೇಲೆಯೇ ಚೀಲ ಲಾರಿ ಹತ್ತುತ್ತಿತ್ತು. ಹೋದ ತಿಂಗಳು ಮಾಲೀಕ ವಿರೂಪಾಕ್ಷಪ್ಪನವರು "ಮಂದಿ ಹೆಚ್ಚಾಗ್ಯಾರ" ಎಂದು ಐವರನ್ನು ತೆಗೆದರು. ನಾಲ್ವರು ಹೆಂಗಸರು, ಐದನೆಯವರು ಇಸ್ಮಾಯಿಲಸಾಬ. ಹೆಚ್ಚಾದವರನ್ನು ಆರಿಸುವಾಗ ತಮ್ಮವರ ಪೈಕಿ ಒಬ್ಬ ಗಂಡಸೂ ಆ ಮಹಾನುಭಾವರ ಕಣ್ಣಿಗೆ ಬೀಳಲಿಲ್ಲ ನೋಡು! ಹೆಂಗಸರ ಪೈಕಿ ಮುತ್ತವ್ವನಿಗೆ "ಗಂಡ ದುಡೀತಾನಲ್ಲ, ಮನೀ ನೋಡ್ಕೊ" ಎಂದರು. ಆ ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಇಸ್ಮಾಯಿಲಸಾಬರಿಗೆ "ಬೀಜ ತಗೊಳ್ಳೋ ಹೊಸಾ ಪಾರ್ಟಿಯವರು ನಿಮ್ಮ ಮಂದಿ ಬ್ಯಾಡ ಅಂತಾರ್ರಿ, ನಂದೇನಿಲ್ಲ" ಎಂದರು. ನನಗೆ ಮಾತ್ರ ಎರಡೂ ಕಾರಣ. ತಲಾಕ್ ಆದವಳಿಗೆ ಗಂಡನಿಲ್ಲ ಎಂದು ನೆನಪಾದಾಗ, "ಅಣ್ಣ ಅದಾನಲ್ಲ" ಎಂದು ನಿನ್ನನ್ನು ಎಳೆದು ತಂದರು. ಹೊರಡುವಾಗ ಎರಡು ಬಾಳೆಹಣ್ಣು ಬೇರೆ ಕೊಟ್ಟರು. ಮೇಜಿನ ಮೇಲೆಯೇ ಬಿಟ್ಟು ಬಂದೆ.

ನನ್ನ ಜಾಗಕ್ಕೆ ಅವರ ಅಳಿಯ ಶಶಿಕಾಂತ ಬಂದ. ನಿನ್ನೆ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ. ಒಳಗೆ ಬೆಂಡೆ ಬೀಜ ಕೊಳೆತು ಲೋಳೆಯಾಗಿತ್ತು.

"ಅಕ್ಕಾರ, ಇದು ಯಾಕ ನಾರಾಕತ್ತೇತಿ, ಒಂಚೂರು ನೋಡ್ರಿ."

"ಬಟ್ಟಿ ಒದ್ದಿ ಮಾಡು ಅಂದ್ರ ನೀರಾಗ ಮುಳುಗ್ಸೂದಲ್ಲಪಾ."

"ಮಾಮಾರು ನಿಮ್ಮನ್ನ ಕೇಳಿ ಬಾ ಅಂದ್ರು."

"ಹೆಚ್ಚಾಗಿದ್ದಾಕೀನ ಈಗ್ಯಾಕ ಕೇಳ್ತಾರ ನಿಮ್ಮ ಮಾಮಾ?"

ಅವನು ಡಬ್ಬಿಯನ್ನು ಇನ್ನಷ್ಟು ಮುಂದೆ ಚಾಚಿದ. ಅಮ್ಮಿ ಒಳಗಿನಿಂದ, "ಬಾಗಲಾ ಹಾಕವಾ, ವಾಸನಿ ಒಳಗ ಬರಾಕತ್ತೇತಿ" ಎಂದಳು. ಹಾಕಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮಿಯ ದುವಾ ಸದಾ ನಿನ್ನ ಮೇಲಿದೆ.

ನಿನ್ನ ತಂಗಿ,
ಮಹಮೂದಾಬೇಗಂ

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಮಾಲೀಕರೇ ಬಂದು ಹೋದರು. ನನ್ನೊಬ್ಬಳನ್ನು ವಾಪಸು ತೆಗೆದುಕೊಳ್ಳುತ್ತಾರಂತೆ. ಉಳಿದ ನಾಲ್ವರು ತಾವಾಗಿಯೇ ಬಿಟ್ಟರೆಂದು ಬರೆದು ತಂದ ಕಾಗದಕ್ಕೆ ನಾನು ರುಜು ಹಾಕಬೇಕಂತೆ. ಆ ಕಾಗದ ರುಜುವಿಲ್ಲದೆ ನನ್ನ ಬಳಿಯೇ ಇದೆ. ಸೋಮವಾರ ಅದನ್ನು ಹಿಡಿದು ಐವರೂ ಹಾವೇರಿಯ ಕಾರ್ಮಿಕ ಕಚೇರಿಗೆ ಹೋಗುತ್ತೇವೆ. "ತಂಗಿಗೆ ಬುದ್ಧಿ ಹೇಳ್ರಿ" ಎಂದು ಮಾಲೀಕರು ನಿನ್ನ ಲಾರಿ ಆಫೀಸಿಗೆ ಫೋನು ಮಾಡುತ್ತಾರೆ. ಭಾಯಿ, ನೀನು ಹೂಂ ಎಂದರೆ ಅಮ್ಮಿಯೂ ಹೂಂ ಎನ್ನುತ್ತಾಳೆ. ಆಮೇಲೆ ನನ್ನೊಬ್ಬಳಿಂದ ತಡೆದು ನಿಲ್ಲಲಾಗುವುದಿಲ್ಲ. ಹೂಂ ಅನ್ನಬೇಡ.